ಯಾವ ಸುದೆ?

ಏಳನೇ ತರಗತಿಯ ಮಗಳಿಗೆ ಉತ್ತರ ಜರ್ಮನಿಯ ಒಂದು ಸಣ್ಣ ನದಿಯ ಬಗ್ಗೆ ಚಾರ್ಟ್ ಮಾಡಲು ಶಾಲೆಯಲ್ಲಿ ಹೇಳಿದ್ದರು. ಕೊಲ್ಲಿ ನಾಡಿನ ಅಲ್ ಗುಬ್ರಾದ ನಮ್ಮ ಫ್ಲಾಟಿನಲ್ಲಿ ಅವಳು ನೆಲದ ಮೇಲೆ ಹಾಳೆ ಹಾಸಿ ಕೂತಿದ್ದಳು. ನಾನು ದೇವರಿಗೆ ದೀಪ ಹಚ್ಚಿ ಬಂದು ಕೇಳಿದೆ, "ನದಿ ಯಾವುದು ಮಗಾ?"

"ಸುದೆ."

"ಅದೇ, ಯಾವ ಸುದೆ?"

"ಅಮ್ಮಾ, ಸುದೆ! ದಟ್ಸ್ ದ ನೇಮ್!"

ನಮ್ಮ ತುಳುವಿನಲ್ಲಿ ಸುದೆ ಎಂದರೇ ನದಿ. ಅವಳು ನಕ್ಷೆಯ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಜರ್ಮನಿಯವರು ಅದನ್ನು ಹೇಗೆ ಕರೆಯುತ್ತಾರೋ ದೇವರಿಗೇ ಗೊತ್ತು.

ಪಾಪದ, ಸಾಧು ನದಿ ಅದು. ಮೆಕ್ಲೆನ್‌ಬರ್ಗಿನ ತಗ್ಗು ನೆಲದಲ್ಲಿ ಹುಟ್ಟಿ, ಒಂದು ಸರೋವರವನ್ನು ಹೊಕ್ಕು ಹೊರಟು, ಹುಲ್ಲುಗಾವಲುಗಳ ನಡುವೆ ಆತುರವಿಲ್ಲದೆ ನೈಋತ್ಯಕ್ಕೆ ಹರಿದು ಎಲ್ಬೆ ನದಿಗೆ ಸೇರುತ್ತದೆ. ಕಡಲನ್ನು ತಾನಾಗಿ ಕಾಣುವುದೇ ಇಲ್ಲ. ಬೌಷರ್ ಕಡೆಯ ಒಣ ಹೊಳೆಯಲ್ಲಿ, ಇಲ್ಲಿಯವರು ವಾದಿ ಎನ್ನುವುದರಲ್ಲಿ, ಯಾವಾಗಲಾದರೊಮ್ಮೆ ನೀರು ಕಂಡರೆ ಪುಣ್ಯ ಎನ್ನುವ ನಮ್ಮ ಹುಡುಗಿ ಅದಕ್ಕೆ ಎಷ್ಟು ನೀಲಿ ಬಳಿದಳು! ಕೊನೆಗೆ ಕೆಳಗೊಂದು ಸಾಲು ಬರೆದಳು: ನನ್ನ ಅಮ್ಮನ ಭಾಷೆಯಲ್ಲಿ ಸುದೆ ಎಂದರೆ ನದಿ. ನಾನು ಬರೆಯಲು ಹೇಳಿರಲಿಲ್ಲ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ಅವಳು. ದೇವರು ಕೊಟ್ಟದ್ದರ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಂಡೆ.

ಶಾಲೆಯಲ್ಲಿ ಆ ಸಾಲಿನ ಮೇಲೆ ಟೀಚರರ ಕೆಂಪು ಗೀಟು ಬಿತ್ತು. ಅಳಿಸಿ ತಂದರೆ ಮಾತ್ರ ಚಾರ್ಟ್ ಕಾರಿಡಾರಿನ ಗೋಡೆಗೆ ಎಂದರಂತೆ. ನಾನು ಶಾಲೆಗೆ ಹೋದೆ. ಟೀಚರ್ ಮೈಸೂರು ಕಡೆಯ ಕನ್ನಡದವರೇ. ಅದೇ ನನಗೆ ಹೆಚ್ಚು ಉರಿದದ್ದು.

"ಇದು ಜರ್ಮನಿ ಪ್ರಾಜೆಕ್ಟ್ ಮೇಡಂ. ಲೋಕಲ್ ಭಾಷೆ ಎಲ್ಲ ಯಾಕೆ? ಮಕ್ಕಳು ಕನ್‌ಫ್ಯೂಸ್ ಆಗ್ತಾರೆ."

"ಕನ್‌ಫ್ಯೂಸ್ ಆದದ್ದು ನಾನೊಬ್ಬಳೇ, ಟೀಚರ್. ನನ್ನ ಮಗಳಿಗೆ ಎರಡು ಸುದೆಯೂ ಗೊತ್ತುಂಟು."

ಅವರು ಗಡಿಯಾರ ನೋಡಿದರು. ಎಲ್ಬೆಗೆ ಸೇರುವ ಹೊಳೆಗಳ ಹೆಸರೆಲ್ಲ ಬೇಕು, ಹೆತ್ತವಳ ಒಂದು ಶಬ್ದ ಬೇಡ!

ಕಾರಿನಲ್ಲಿ ಕಾಯುತ್ತಿದ್ದ ಗಂಡ ಹೇಳಿದರು, "ಖಲಾಸ್ ಮಾಡು ಮಾರಾಯ್ತಿ. ಒಂದು ಸಾಲು ಅಲ್ವಾ?"

"ಒಂದು ಸಾಲಾ? ನೀವು ನಿಮ್ಮ ಅಮ್ಮನಿಗೆ ಫೋನ್ ಮಾಡುವಾಗ ಜರ್ಮನ್ ಮಾತಾಡುದಾ?"

ಅವರು ಏಸಿ ಜೋರು ಮಾಡಿದರು.

ಹಿಂದಿನ ಸೀಟಿನಲ್ಲಿ ಮಗಳು ಚೀಲದಿಂದ ವೈಟ್ನರ್ ತೆಗೆದಳು. ಗೋಡೆಯ ಮೇಲೆ ಚಾರ್ಟ್ ಕಾಣುವ ಆಸೆ ಅವಳಿಗೂ ಇರುವುದಿಲ್ಲವೇ? "ಚಾರ್ಟ್ ನಿನ್ನದು, ನೀನೇ ನೋಡು" ಎಂದೆ. ಆದರೆ ಕಾರಿನ ಬಿಸಿಗೆ ವೈಟ್ನರ್ ಒಣಗಿ ಕಲ್ಲಾಗಿತ್ತು. ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ, ನಾಚಿಕೆಯಿಲ್ಲದೆ.

ದಾರಿಯಲ್ಲಿ ಸ್ಟೇಷನರಿ ಅಂಗಡಿ ಬಂತು. ಗಂಡ ಕಾರು ನಿಧಾನ ಮಾಡಿದರು.

"ಇಪ್ಪಡ್ ಅಮ್ಮ," ಎಂದಳು ಮಗಳು. ಇರಲಿ ಬಿಡು ಎಂದು, ತುಳುವಿನಲ್ಲಿ.

ಚಾರ್ಟ್ ಕಾರಿಡಾರಿಗೆ ಹೋಗಲಿಲ್ಲ, ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲಿದೆ. ಆ ಕೆಂಪು ಗೀಟು ಕಂಡಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.