ಒಂದು ಮೊರ ತೌಡಿನ ಹೆಸರು

ನನ್ನ ಹೆಸರು ತೌಡಮ್ಮ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಪುರುಸೊತ್ತು ಸಿಗುವುದಿಲ್ಲ.

ಹನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಅಳಿಯ ಒಮ್ಮೆ ಈ ಹೆಸರನ್ನು ಫೋನಿನಲ್ಲಿ ಹುಡುಕಿದ. ಮಕ್ಕಳ ಹೆಸರಿನ ಅರ್ಥ ಏನು, ಮೂಲ ಯಾವುದು, ಎಷ್ಟು ಜನಪ್ರಿಯ ಎಂದು ನಕ್ಷತ್ರ ಹಾಕಿ ತೋರಿಸುತ್ತಾರಲ್ಲ, ಅಲ್ಲಿ. "ಅತ್ತೆ, ನಿಮ್ಮೆಸ್ರು ಪ್ರಪಂಚದಲ್ಲೇ ಇಲ್ಲ ಕಣ್ರಿ" ಎಂದು ಹಲ್ಲು ಕಿರಿದ. ಅವನ ಫೋನಿಗೆ ಗೊತ್ತಿಲ್ಲದ್ದನ್ನು ನಾನೇ ಹೇಳುತ್ತೇನೆ. ಅರ್ಥ: ಅಕ್ಕಿ ಮಾಡಿಸುವಾಗ ಉದುರುವ, ದನಕ್ಕೆ ಹಾಕುವ ಪುಡಿ. ಮೂಲ: ನಮ್ಮವ್ವನ ಹೆದರಿಕೆ. ಜನಪ್ರಿಯತೆ: ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ಹಿಂದಿನ ಬೆಂಚಿನವರೆಲ್ಲ ಒಟ್ಟಿಗೆ "ಅಂಬಾ" ಎನ್ನುತ್ತಿದ್ದರು, ಅಷ್ಟು.

ನನಗಿಂತ ಮುಂಚೆ ನಮ್ಮವ್ವನಿಗೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಅವಕ್ಕೆಲ್ಲ ದೇವರ ಹೆಸರನ್ನೇ ಇಟ್ಟಿದ್ದರಂತೆ, ದೇವರು ಕರೆದುಕೊಂಡ. ಹಾಗೆ ಸಾಯುವ ಮನೆಯಲ್ಲಿ ಮುಂದಿನ ಕೂಸನ್ನು ಮಾರಿಬಿಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಲ ಬಾಗಿಲಿಗೆ ಒಯ್ಯುತ್ತಾರೆ. ಕೊಳ್ಳುವವಳು ಒಂದು ಮೊರ ತೌಡು ಸುರಿದು ಕೂಸನ್ನು ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಹೆಸರಿಡುವ ಹಕ್ಕು ಅವಳದು. ಹೆತ್ತವರ ಕಡೆಯ ಹಿರಿಯಳು ಆ ಹೆಸರು ಹಿಡಿದು ಕೂಗಿದ ಮೇಲೆ ಕೊಂಡವಳು ಕೂಸನ್ನು "ಸಾಕಕ್ಕೆ ಕೊಟ್ಟಿವ್ನಿ" ಎಂದು ಹಿಂದಕ್ಕೆ ಕೊಡುತ್ತಾಳೆ. ಅಲ್ಲಿಂದ ಮುಂದೆ ಕೂಸು ಅವಳದು, ಸಾಕುವುದಷ್ಟೇ ಹೆತ್ತವರ ಪಾಲು. ತೌಡಿನ ಬೆಲೆಯ ಕೂಸು ಯಮನಿಗೂ ಬೇಡವಾಗುತ್ತದೆ ಎಂಬ ಲೆಕ್ಕಾಚಾರ.

ಕೊಳ್ಳುವವಳು ಕೆಳಗಿನ ಕೇರಿಯವಳೇ ಆಗಬೇಕು. ಯಮ ಅಲ್ಲಿಗೆ ಹುಡುಕಿಕೊಂಡು ಹೋಗುವುದಿಲ್ಲವಂತೆ. ತಾವು ಕಾಲಿಡದ ಕಡೆ ಯಮನೂ ಕಾಲಿಡುವುದಿಲ್ಲ ಎಂದು ನಮ್ಮವರು ನಂಬಿದ್ದರು. ನಮ್ಮ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸು ನನ್ನನ್ನು ಕೊಂಡಳು. ಅವಳ ಸೆರಗು ಹಿಡಿದು ಒಂದು ಪುಟ್ಟ ಹೆಣ್ಣುಮಗು ನಿಂತಿತ್ತಂತೆ. ನನ್ನ ಬೆಲೆಯನ್ನು ಆ ಸಂಜೆ ನಮ್ಮ ಹಾಲು ಕರೆಯುವ ಹಸು ತಿಂದು ಮುಗಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅನ್ನುತ್ತಾರೆ. ನನ್ನದು ತೌಡಿಗೇ ಹೋಗಿತ್ತು.

ನಾನು ಬದುಕಿದೆ. ಆ ವರ್ಷವೇ ಅವಳ ಪುಟ್ಟ ಮಗಳು ಜ್ವರ ಬಂದು ಸತ್ತಳು.

ಇದನ್ನು ನಮ್ಮವ್ವ ಕಥೆ ಮಾಡಿಕೊಂಡಳು. ಮನೆಗೆ ಯಾರೇ ನೆಂಟರು ಬರಲಿ, ಎಲೆ ಅಡಿಕೆ ಮುಂದಿಟ್ಟು ಶುರು ಮಾಡುತ್ತಿದ್ದಳು. "ಯಮ ದಡ್ಡ ಕಣವ್ವ. ನನ್ ಮಗ್ಳ ಉಡುಕ್ಕಂಡು ಬಂದವ್ನು ಗುರ್ತು ತಪ್ಪಿ ಅವ್ರ ಅಟ್ಟಿಗೆ ನುಗ್ಬುಟ್ಟ! ಅಲ್ಲಿದ್ದದ್ನೇ ತಕಂಡೋದ!" ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದಳು. ನೆಂಟರೂ ನಗುತ್ತಿದ್ದರು. ಸತ್ತ ಮಗುವಿಗೊಂದು ಹೆಸರಿತ್ತು, ಅದು ಅವ್ವನಿಗೆ ಗೊತ್ತಿತ್ತು. ಒಂದು ಸಲವೂ ಅದನ್ನು ಹೇಳಲಿಲ್ಲ. "ಅಲ್ಲಿದ್ದದ್ದು" ಅಷ್ಟೇ.

ನನ್ನನ್ನು ಕೊಂಡವಳು ಹಬ್ಬಕ್ಕೊಮ್ಮೆ ಹಿತ್ತಲಿಗೆ ಬರುತ್ತಿದ್ದಳು. ಅವ್ವ ಒಂದು ಹಳೇ ಸೀರೆ, ಒಂದು ಹೋಳು ಕಾಯಿ ಮೇಲಿನಿಂದ ಹಾಕುತ್ತಿದ್ದಳು. "ನನ್ ತೌಡು, ಎಷ್ಟುದ್ದ ಬೆಳ್ದುಟ್ಳು" ಎಂದು ಅವಳು ಒಂದು ಸಲ ನನ್ನ ಜಡೆ ಮುಟ್ಟಿದಳು. ಅವಳು ಹೋದ ಮೇಲೆ ಅವ್ವ ನನ್ನ ತಲೆಗೆ ನೀರು ಸುರಿದಳು. ಅವಳ ಮಡಿಲಲ್ಲಿ ಮಲಗಿ ಉಳಿದ ಜೀವ, ಅವಳ ಬೆರಳು ತಾಗಿದರೆ ಮೈಲಿಗೆ. ಈ ನ್ಯಾಯ ನನಗೆ ಆಗಲೂ ಅರ್ಥವಾಗಲಿಲ್ಲ, ಯಳಂದೂರಿನಲ್ಲಿ ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೂ ಆಗಿಲ್ಲ.

ಈಗ ನನ್ನ ಮಗಳ ವಿಷಯ. ಹನೂರಿಗೆ ಕೊಟ್ಟಿದ್ದೇವೆ. ಅವಳ ಮೊದಲ ಕೂಸು ಹುಟ್ಟುವಾಗಲೇ ಹೋಯಿತು, ಎರಡನೆಯದು ನಾಮಕರಣದ ಹಿಂದಿನ ವಾರ. ಎರಡಕ್ಕೂ ಅಳಿಯ ಫೋನಿನಲ್ಲಿ ಹೆಸರು ಆರಿಸಿಟ್ಟಿದ್ದ, ಯಾರಿಗೂ ಇಲ್ಲದಂಥವು, ನಕ್ಷತ್ರವೇ ಬೀಳದಂಥವು. ಮೂರನೆಯದು ಹೆಣ್ಣು, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹುಟ್ಟಿತು. ಯಳಂದೂರಿನ ಹತ್ತಿರದ ನಮ್ಮ ತವರೂರಿನ ಮನೆಗೆ ಬಾಣಂತನಕ್ಕೆ ಕರೆತಂದೆವು. ಅಳಿಯ ಮತ್ತೆ ಫೋನು ಉಜ್ಜತೊಡಗಿದ. ಮಗಳು ಮಾತ್ರ ಕೂಸಿಗೆ ಹಾಲು ಕೊಡುವಾಗ ಗೋಡೆ ನೋಡುತ್ತಿದ್ದಳು. ಅದರ ಮುಖ ನೋಡಿ ಆಸೆ ಹತ್ತಿದರೆ ಇದೂ ಹೋಗುತ್ತದೆ ಎಂದು ಅವಳ ಭಯ.

"ಅವ್ವಾ, ನಿನ್ನ ಉಳಿಸ್ಕಂಡ್ರಲ್ಲ, ಇದುಕ್ಕೂ ಅದ್ನೇ ಮಾಡ್ಸು" ಎಂದಳು ಒಂದು ದಿನ. ಡಾಕ್ಟರು ಕೂಸು ಗಟ್ಟಿಯಾಗಿದೆ ಎಂದದ್ದನ್ನು ಹೇಳಿದೆ, ವಿಜ್ಞಾನ ಹೇಳಿದೆ, ಗದರಿದೆ. ತೌಡು ಕುಟ್ಟಿದ ಹಾಗಾಯಿತು. ನಮ್ಮವ್ವನಿಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಅದೇ ಮನೆಯೋರೇ ಆಗ್ಬೇಕು, ಅವ್ರ ಕೈ ಒಳ್ಳೇದು" ಎಂದಳು. ಅವರ ಕೈ ಒಳ್ಳೆಯದಂತೆ!

ನನ್ನನ್ನು ಕೊಂಡವಳು ತೀರಿಹೋಗಿದ್ದಳು. ಆ ಪುಟ್ಟ ಮಗಳು ಸತ್ತ ಮೇಲೆ ಹುಟ್ಟಿದ ಅವಳ ಇನ್ನೊಬ್ಬ ಮಗಳು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕಿದ್ದಾಳೆ. ಅವ್ವ ಆಟೋ ಮಾಡಿಸಿಕೊಂಡು ನನ್ನನ್ನೂ ಎಳೆದುಕೊಂಡು ಹೋದಳು. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಆಕೆಯ ಬೆರಳುಗಳು ಬೆಳ್ಳಗೆ ಬಿರಿದಿದ್ದವು. ಅವ್ವ ಆಟೋದಿಂದ ಇಳಿಯದೆಯೇ ಹೇಳಿದಳು: "ಬಾ ಕಣೆ, ಒಂದ್ ಮೊರ ತೌಡು ತಕಂಡು. ಸೀರೆ ಕೊಡ್ತೀನಿ. ಒಸದೇ ಕೊಡ್ತೀನಿ."

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನನ್ನು ನೋಡಿದಳು. "ನೀವೇಯಾ ತೌಡಮ್ಮ?" ಎಂದು ಕೇಳಿದಳು. ಹೌದು ಎಂದೆ. "ನಮ್ಮವ್ವ ಸಾಯಗಂಟ ನಿಮ್ನ ನೆನಿತಿದ್ಲು" ಎಂದಳು. ಆಮೇಲೆ ಅವ್ವನ ಕಡೆ ತಿರುಗಿ, "ಬತ್ತೀನಿ ಕಣ್ರವ್ವ. ಆದ್ರೆ ಮುಂದ್ಲ ಬಾಗ್ಲಲ್ಲೇ ಬತ್ತೀನಿ" ಎಂದಳು. ದಾರಿಯುದ್ದಕ್ಕೂ ಅವ್ವ ಹಲ್ಲು ಕಡಿದಳು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹೇಳಿದ ದಿನ ಆಕೆ ಬಂದಳು. ತೌಡು ಈಗ ಯಾರ ಮನೆಯಲ್ಲಿದೆ? ಬೂಸಾ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದಳು. ಮುಂದಿನ ಬಾಗಿಲು ದಾಟಿ ನಡುಮನೆಯ ಕಂಬದ ಬುಡದಲ್ಲಿ ಕೂತಳು. ಮೊರಕ್ಕೆ ತೌಡು ಸುರಿದಳು. ಮಗಳು ಕೂಸನ್ನು ಕೊಟ್ಟಳು. ಆಕೆ ಮಡಿಲಿಗೆ ಹಾಕಿಕೊಂಡು ಕೂಸಿನ ಕಿವಿಯಲ್ಲಲ್ಲ, ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿದಳು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯಿಂದ ನಮ್ಮ ಮನೆ ತೆಗೆದುಕೊಂಡದ್ದು ಸಾಕು.

ಅಳಿಯ ತಕ್ಷಣ ಫೋನಿನಲ್ಲಿ ಹುಡುಕಿದ. ಎಲ್ಲೂ ಇಲ್ಲ. "ಸೂಪರ್! ಒಬ್ರಿಗೂ ಇಲ್ಲ ಕಣ್ರಿ ಅತ್ತೆ ಈ ಎಸ್ರು. ಅರ್ಥ ಏನಕ್ಕ ಇದ್ರದು?" ಎಂದು ಆಕೆಯನ್ನೇ ಕೇಳಿದ.

"ಅರ್ಥ ಗಿರ್ಥ ಏನಿಲ್ಲ ಸಾ. ನಮ್ಮಕ್ಕನ ಎಸ್ರು. ಐದೊರ್ಸಕ್ಕೇ ಓಗ್ಬುಟ್ಳು."

ಅಳಿಯನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು. ನಮ್ಮವ್ವ ಕಿರುಚಿದಳು. "ಸತ್ತೋಳ ಎಸ್ರ ನನ್ ಮರಿಮಗೀಗೆ ಇಕ್ಕೀಯಾ? ಬಾಯ್ಗೆ ಮಣ್ಣಾಕ! ಬೇರೆದೇಳು!"

ಆಕೆ ಕೂತಲ್ಲಿಂದ ಕದಲಲಿಲ್ಲ. "ಆ ಎಸ್ರಿನ ಪಾಲ ಯಮ ಆಗ್ಲೇ ತಕಂಡೋಗವ್ನೆ ಕಣ್ರವ್ವ. ಇನ್ನೊಂದ್ಸಲ ಯಾಕ್ ಬಂದಾನು? ಇದ್ಕಿಂತ ಬಂದೋಬಸ್ತಿನ ಎಸ್ರು ನನ್ನತ್ರ ಇಲ್ಲ. ಬ್ಯಾಡ ಅಂದ್ರೆ ನಿಮ್ ಕೂಸು ನಿಮ್ಗೆ, ನನ್ ತೌಡು ನನ್ಗೆ."

ಕೂಸು ಹಸಿದು ಅಳತೊಡಗಿತು. ಮಗಳ ರವಿಕೆ ಹಾಲಿನಿಂದ ಒದ್ದೆಯಾಗುತ್ತಿತ್ತು. "ಆ ಎಸ್ರ ಕರಿ, ಅಜ್ಜಿ" ಎಂದಳು. ಅವ್ವ ಕಂಬ ಹಿಡಿದುಕೊಂಡಳು. ಕೂಸಿನ ಅಳು ಜೋರಾಯಿತು. "ಕರಿ ಅಂದೆ!" ಎಂದು ಮಗಳು ಅರಚಿದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿ ತಿಂಗಳುಗಳೇ ಆಗಿದ್ದವು.

ಅವ್ವ ಕರೆದಳು. ಐವತ್ತು ವರ್ಷ ನೆಂಟರನ್ನು ನಗಿಸುತ್ತ ನುಂಗಿಕೊಂಡಿದ್ದ ಹೆಸರು ಪಿಸುಮಾತಾಗಿ ಹೊರಬಂತು. ಆಕೆ ಅದಕ್ಕೂ ಒಪ್ಪಲಿಲ್ಲ. "ಕೇಳ್ನಿಲ್ಲ ಕಣ್ರವ್ವ, ಗಟ್ಟಿಯಾಗ್ ಕರೀರಿ" ಎಂದಳು. ಅವ್ವ ಇನ್ನೊಮ್ಮೆ ಕರೆದಳು. ನನಗೆ ಅವ್ವನ ಮೇಲೆ ಕನಿಕರ ಬರಲಿಲ್ಲ.

ಆಕೆ ಕೂಸನ್ನು ಮಗಳ ಕೈಗಿಟ್ಟಳು. "ಸಾಕಕ್ಕೆ ಕೊಟ್ಟಿವ್ನಿ. ಚೆಂದಾಗ್ ನೋಡ್ಕಳವ್ವ" ಎಂದು ಹೇಳಿ, ಸೀರೆ ಮುಟ್ಟದೆ, ಬಂದ ಬಾಗಿಲಲ್ಲೇ ಹೋದಳು. ನಾನು ಬಸ್ಸಿನ ತನಕ ಜೊತೆಗೆ ಹೋದೆ. ಬಸ್ಸು ಹತ್ತುವಾಗ ಆಕೆ ಅಳುತ್ತಿದ್ದಳು.

ಹಿಂದಿರುಗಿ ಬಂದಾಗ ಅವ್ವ ಚೊಂಬಿನಲ್ಲಿ ನೀರು ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಆಕೆ ಕೂತೆದ್ದ ಜಾಗಕ್ಕೆ ಚಿಮುಕಿಸಲು ತಂದದ್ದು. ಆ ಜಾಗದಲ್ಲೇ, ಕಂಬದ ಬುಡದಲ್ಲಿ, ಮಗಳು ಕಾಲು ಚಾಚಿ ಕೂತು ಹಾಲು ಕೊಡುತ್ತಿದ್ದಳು. ಗೋಡೆ ನೋಡುತ್ತಿರಲಿಲ್ಲ. ಕೂಸಿನ ಮುಖವನ್ನೇ ನೋಡುತ್ತ, ಆ ಹೆಸರು ಹಿಡಿದು ಮೆಲ್ಲಗೆ ಮಾತಾಡಿಸುತ್ತಿದ್ದಳು.

"ಚಿಮುಕ್ಸಜ್ಜಿ" ಎಂದಳು ತಲೆ ಎತ್ತದೆ. "ಅವ್ರ ಮಗ್ಳು ಇಲ್ಲೇ ಅವಳೆ. ಇವಳ್ ಮೇಲೂ ಚಿಮುಕ್ಸು."

ಅವ್ವ ಚೊಂಬೆತ್ತಿ ಆ ನೀರನ್ನು ತಾನೇ ಕುಡಿದಳು.