ಅಲೆ ಒಡೆಯದ ಜಾಗ

ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ನಮ್ಮ ಅತ್ತೆಗೆ ನೋಡುವ ಹಸಿವು ಹತ್ತಿತು. ವಳಸಂಗದ ಮನೆಯ ಕಟ್ಟೆಯ ಮೇಲೆ ಕುಳಿತು, ಸೊಲ್ಲಾಪುರದ ಬಸ್ಸಿಗೆ ಓಡುವವರನ್ನೆಲ್ಲ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ಸಂಜೆ ಟಿ.ವಿ.ಯಲ್ಲಿ ಸಮುದ್ರ ಬಂತು. ಮುಂದಕ್ಕೆ ಬಾಗಿ ನೋಡಿ ಕೇಳಿದರು:

"ಅದು ಖರೇನ ಅಷ್ಟ ದೊಡ್ಡದು ಐತೇನು? ಇಲ್ಲಾ ಇವ್ರು ಹಂಗ ತೋರಸ್ತಾರ?"

"ನಾನೂ ನೋಡಿಲ್ಲ ಯವ್ವಾ," ಎಂದರು ನನ್ನ ಗಂಡ. "ಹೋಗಿ ನೋಡೂಣ ತಗೊ."

ಪುಣೆಯಲ್ಲಿ ಓದುವ ಮಗಳು ಫೋನಿನಲ್ಲೇ ಎಲ್ಲ ಗೊತ್ತುಮಾಡಿದಳು. ಕೊಂಕಣದಲ್ಲಿ ಒಂದು ಕಡಲತೀರ. ಆಮೆಗಳು ಬಂದು ಮೊಟ್ಟೆ ಇಡುವುದರಿಂದ ಸರ್ಕಾರ ಅದನ್ನು ಕಾಪಾಡಿಕೊಂಡು ಬಂದಿದೆ. ಆದರೂ ಜನ ಹೋಗಿ ಅಡ್ಡಾಡಬಹುದು, ಕಾಲು ತೋಯಿಸಬಹುದು. ದಿಬ್ಬದ ಮೇಲೆ ಬ್ರಿಟಿಷರ ಕಾಲದ ಸುಂಕದ ಸಾಹೇಬನ ಬಂಗಲೆ ಇದೆ, ಈಗ ಅದರಲ್ಲಿ ಪ್ರವಾಸಿಗರು ಉಳಿಯುತ್ತಾರೆ. ಮಗಳಿಗೆ ಬರಲಾಗಲಿಲ್ಲ, ಪರೀಕ್ಷೆಯಿತ್ತು. ಅವಳ ಓದೆಲ್ಲ ಮರಾಠಿಯಲ್ಲಾಯಿತು, ಕನ್ನಡ ಓದಲು ಬರುವುದಿಲ್ಲ. ಅಕ್ಕಲಕೋಟೆಯ ಕಡೆ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ನನಗೆ ಇದು ನಾಚಿಕೆಯ ಸಂಗತಿ. ಆದರೆ ಇದನ್ನು ಬರೆಯುವಾಗ ಮಾತ್ರ ಅದೇ ಅನುಕೂಲವಾಗಿದೆ. ಅಲ್ಲಿ ನಡೆದದ್ದನ್ನು ನಾವು ಅವಳಿಗೆ ಪೂರ್ತಿ ಹೇಳಿಲ್ಲ.

ನಾನು ಮೊದಲಿನಿಂದಲೂ ಅಂಜುಬುರುಕಿ. ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರದವರ ಮನೆಯಲ್ಲಿ ಬೆಳೆದವಳು. ಕೆಳಗೆ ಅಂಗಡಿ, ಮೇಲೆ ಮನೆ, ಕಿಟಕಿಗೆಲ್ಲ ಸರಳು. ಕೆರೆಯ ಹತ್ತಿರ ಹೋಗಲೂ ನಮ್ಮಪ್ಪ ಬಿಡುತ್ತಿರಲಿಲ್ಲ. ಮದುವೆಯಾಗಿ ವಳಸಂಗಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನನ್ನ ಗಂಡ ಹೊಲದ ಬಾವಿಯ ಕಟ್ಟೆಯಿಂದ ಧಡ್ ಎಂದು ಹಾರಿದ್ದನ್ನು ಕಂಡು, ಸುತ್ತಲ ಹೊಲದವರೆಲ್ಲ ಕೂಡುವಂತೆ ಕೂಗಿಕೊಂಡಿದ್ದೆ. ಅವರು ತಳದಿಂದ ಒಂದು ಹಿಡಿ ರಾಡಿ ತಂದು ನಗುತ್ತ ಮೇಲೆ ಬಂದರು. ಆ ಕಥೆಯನ್ನು ಇಪ್ಪತ್ತಾರು ವರ್ಷ ಮದುವೆ ಮುಂಜಿಗಳಲ್ಲಿ ಹೇಳಿ ನಕ್ಕಿದ್ದಾರೆ. ಸದಾ ಹೆದರುವವಳ ಹೆದರಿಕೆಗೆ ಯಾರೂ ಕಿವಿಗೊಡುವುದಿಲ್ಲ. ಬಸ್ಸು ತಡವಾದರೂ ಹೆದರುತ್ತಾಳೆ, ಫೋನು ಎತ್ತದಿದ್ದರೂ ಹೆದರುತ್ತಾಳೆ ಎಂದು ಬಿಟ್ಟುಬಿಡುತ್ತಾರೆ.

ಫೆಬ್ರವರಿಯ ಒಂದು ಶನಿವಾರ ನಸುಕಿನಲ್ಲಿ ನಮ್ಮ ಕಾರಿನಲ್ಲೇ ಹೊರಟೆವು, ನಡೆಸುವವರು ನನ್ನ ಗಂಡ. ಘಟ್ಟ ಇಳಿಯುವಾಗ ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಅತ್ತೆ ಮುಂದಿನ ಸೀಟಿನಲ್ಲಿ ಕುಳಿತು ಪ್ರತಿ ತಿರುವಿನಲ್ಲೂ ಕಣಿವೆಗೆ ಬಗ್ಗಿ ನೋಡಿದರು.

ಬಂಗಲೆ ಕೆಂಪು ಕಲ್ಲಿನದು, ಹೆಂಚಿನ ಮಾಡು, ಸುತ್ತಲೂ ಅಗಲವಾದ ಪಡಸಾಲೆ. ಒಳಗೆ ಹಳೆಯ ಸಾಗವಾನಿಯ ಮಂಚಗಳು. ಹಡಗುಗಳ ಮೇಲೆ ಕಣ್ಣಿಡಲೆಂದು ಸಮುದ್ರದ ಕಡೆಗೆ ಉದ್ದನೆಯ ಕಿಟಕಿ. ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಆ ಕಿಟಕಿಗೆ ಹೋದರು. ಆಮೇಲೆ ನನ್ನನ್ನು ಕೇಳಿದರು: "ಇದು ಒಂದ್ ಗಳಿಗಿ ಸುಮ್ನ ಇರೂದ ಇಲ್ಲೇನು?"

ಸಂಜೆ ತೀರಕ್ಕೆ ಇಳಿದಾಗ ಅಲ್ಲಿನ ಕಾವಲಿನವಳು ಸಿಕ್ಕಳು. ಮೂವತ್ತೈದರ ಆಸುಪಾಸಿನ ಹೆಂಗಸು, ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲಿಗೆ ಕಟ್ಟಿದ ಕೆಂಪು ಬಾವುಟ. ಮೀನುಗಾರರ ಮನೆಯವಳಂತೆ. ಅವಳದು ಮರಾಠಿ, ಅದೂ ಕಡಲಂಚಿನ ಮರಾಠಿ. ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮರಳದಿಬ್ಬದ ಮೇಲೆ ಹಸಿರು ಬಲೆ ಕಟ್ಟಿದ್ದ ಗೂಡುಗಳನ್ನು ತೋರಿಸಿ, ಅದರೊಳಗೆ ಮೊಟ್ಟೆಗಳಿವೆ, ಆ ಕಡೆ ಯಾರೂ ಕಾಲಿಡಬಾರದು ಎಂದಳು. ಬಳ್ಳಿಗಳ ಮೇಲೂ ನಡೆಯಬೇಡಿ, ಮರಳನ್ನು ಹಿಡಿದು ನಿಲ್ಲಿಸಿರುವುದು ಅವೇ ಎಂದಳು. ಕೊನೆಗೆ ನೀರಿನ ಕಡೆ ತಿರುಗಿ ಹೇಳಿದ್ದು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ:

"ಅಲೆ ಒಡೆಯುವಲ್ಲಿ ಮೊಣಕಾಲಿನವರೆಗೆ ನಿಲ್ಲಿರಿ, ಪರವಾಗಿಲ್ಲ. ನೀರು ಸಪಾಟಾಗಿ, ಅಲೆಯಿಲ್ಲದೆ ಕಾಣುತ್ತದಲ್ಲ, ಅಲ್ಲಿ ಇಳಿಯಬೇಡಿ. ಅಲ್ಲಿಂದಲೇ ಸಮುದ್ರ ಒಳಗೆ ಎಳೆದುಕೊಳ್ಳುವುದು."

ನನ್ನ ಗಂಡ ತಲೆಯಾಡಿಸಿದರು. ಅವಳು ಅತ್ತ ಹೋದ ಮೇಲೆ, "ಹುಟ್ಟಿದಾಗಿನಿಂದ ನೀರಾಗ ಬಿದ್ದಾವ ನಾ," ಎಂದರು.

"ಅದು ಬಾವಿರಿ, ಇದು ಸಮುದ್ರ."

"ನೀರು ನೀರ ಇರತದ."

ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ನನಗೆ ನಿದ್ದೆ ಬಾರದಿರುವುದೂ ಮನೆಯಲ್ಲಿ ಹೊಸದಲ್ಲ.

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ತೀರಕ್ಕೆ ಹೋದೆವು. ಹತ್ತು ಗಂಟೆಯಿರಬೇಕು. ಪ್ರವಾಸಿಗರು ಬೆರಳೆಣಿಕೆಯಷ್ಟು, ದೂರ ದೂರ. ಗಾಳಿಮರದ ನೆರಳಲ್ಲಿ ಚಾಪೆ ಹಾಸಿ ಅತ್ತೆಯನ್ನು ಕೂರಿಸಿದೆ. ಅವರ ಮೊಣಕಾಲು ನೋವಿನದು, ಮರಳಿನಲ್ಲಿ ಕೈ ಹಿಡಿಯದೆ ನಡೆಯಲಾಗುತ್ತಿರಲಿಲ್ಲ. ಉಡಿಯಲ್ಲಿ ಕಪ್ಪೆಚಿಪ್ಪು ಹಾಕಿಕೊಂಡು ಒಂದೊಂದೇ ತಿರುಗಿಸಿ ನೋಡತೊಡಗಿದರು. ನನ್ನ ಗಂಡ ಅಂಗಿ ತೆಗೆದು, ಮಡಚಿ, ಅದರ ಮೇಲೆ ವಾಚು ಇಟ್ಟರು.

"ಮೊಣಕಾಲಮಟ ಅಂದಾಳ್ರಿ ಆಕಿ," ಎಂದೆ.

"ಹೂಂ ಹೂಂ," ಎನ್ನುತ್ತ ಹೋದರು.

ಅವರು ಆರಿಸಿಕೊಂಡದ್ದು ಅದೇ ಸಪಾಟಾದ ಜಾಗ. ಎರಡೂ ಬದಿಗೆ ಅಲೆಗಳು ಬಿಳಿ ನೊರೆ ಕಾರುತ್ತ ಬೀಳುತ್ತಿದ್ದವು. ನಡುವೆ ಮಾತ್ರ ಹತ್ತು ಹನ್ನೆರಡು ಮಾರು ಅಗಲದ ನೀರು, ನಮ್ಮ ಬಾವಿಯ ನೀರಿನ ಹಾಗೆ ಹಸಿರಾಗಿ, ಶಾಂತವಾಗಿತ್ತು. ಈಜು ಬಲ್ಲವನಿಗೆ ಅಲ್ಲೇ ಇಳಿಯಬೇಕು ಅನ್ನಿಸುವಂತಿತ್ತು. ಸೊಂಟದವರೆಗೆ ಹೋದರು. ಎದೆಯವರೆಗೆ ಹೋದರು. ಆಮೇಲೆ ನಾಲ್ಕು ಕೈ ಬೀಸಿದ್ದು ಕಂಡಿತು. ಅಷ್ಟಕ್ಕೆ ಅವರ ತಲೆ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಆಚೆ ಇತ್ತು.

ತಿರುಗಿದರು. ದಂಡೆಯ ಕಡೆಗೆ ಮುಖ ಮಾಡಿ ಈಜುತ್ತಿದ್ದಾರೆ, ಜೋರಾಗಿಯೇ ಈಜುತ್ತಿದ್ದಾರೆ, ಆದರೆ ಹಿಂದಕ್ಕೇ ಹೋಗುತ್ತಿದ್ದಾರೆ. ಅದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನೀರಿನಂಚಿಗೆ ಓಡಿ ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಕೂಗಿದ್ದು ಬಾಯಿಂದ ಆಚೆ ಹೋಗಲೇ ಇಲ್ಲ.

ಸೀಟಿ ಕೇಳಿಸಿತು. ಕಾವಲಿನವಳು ದಿಬ್ಬದ ಕಡೆಯಿಂದ ಓಡಿಬಂದಳು. ಒಂದು ಸಲ ನೀರನ್ನು ನೋಡಿ, ಫೋನು ತೆಗೆದು ಯಾರಿಗೋ ದೋಣಿ ತರಲು ಹೇಳಿದಳು. ನಾನು ಅವಳ ತೋಳು ಹಿಡಿದುಕೊಂಡಿದ್ದೆ. ಅವಳು ನನ್ನ ಕೈ ಬಿಡಿಸಿದಳು.

"ನಾನು ನೀರಿಗೆ ಇಳಿದರೆ ಇಬ್ಬರೂ ಹೋಗುತ್ತೇವೆ. ಅವರು ನೇರ ಬರುವುದನ್ನು ಬಿಡಬೇಕು. ಅಡ್ಡ ಈಜಬೇಕು. ನಾನು ತೋರಿಸುತ್ತೇನೆ."

ಅಷ್ಟು ಹೇಳಿ ಬಾವುಟವನ್ನು ಎತ್ತಿ ಹಿಡಿದು ದಂಡೆಗುಂಟ ಬಲಕ್ಕೆ ಓಡತೊಡಗಿದಳು. ಓಡುವುದು, ನಿಂತು ಬೀಸುವುದು, ಮತ್ತೆ ಓಡುವುದು. ಅವರು ಕಂಡರೋ ಇಲ್ಲವೋ ಗೊತ್ತಾಗಲಿಲ್ಲ. ನಾನೂ ಅವಳ ಹಿಂದೆ ಓಡಬೇಕೆಂದು ನಾಲ್ಕು ಹೆಜ್ಜೆ ಇಟ್ಟೆ. ಆಗ ಅತ್ತೆಯ ದನಿ ಕೇಳಿಸಿತು.

"ಅಂವ ಎಲ್ಲಿ ಹ್ವಾದ?"

ಅವರು ಎದ್ದು ನಿಲ್ಲಲು ಮರಕ್ಕೆ ಕೈ ಊರಿದ್ದರು. ಅವರನ್ನು ಬಿಟ್ಟು ಹೋದರೆ ನೀರಿನ ಕಡೆ ಬರುತ್ತಾರೆ, ಬಿದ್ದರೆ ಎತ್ತುವವರಿಲ್ಲ. ನಾನು ಹಿಂದಿರುಗಿದೆ. ಮುಖ ಒರೆಸಿಕೊಂಡೆ.

"ಬಂಗಲೆಕ ಹೋಗ್ಯಾರ್ರಿ ಅತ್ಯಾ. ಚಾ ಹೇಳಿ ಬರ್ತೀನಿ ಅಂದ್ರು."

"ಹೌದಾ," ಎಂದು ಮತ್ತೆ ಕುಳಿತರು. ನನ್ನನ್ನೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಇದು ನೋಡು, ಇದು ಒಳಗ ಗುಲಾಬಿ ಐತಿ," ಎಂದು ಒಂದು ಚಿಪ್ಪು ನನ್ನ ಅಂಗೈಯಲ್ಲಿಟ್ಟರು.

ನಾನು ನೋಡಿದೆ. ಚಂದ ಅದ ಎಂದೆ. ಅವರು ಒಂದಾದ ಮೇಲೆ ಒಂದು ಕೊಡುತ್ತ ಹೋದರು. ನಾನು ಅವರಿಗೆ ಮುಖ ಕಾಣದ ಹಾಗೆ ಓರೆಯಾಗಿ ಕುಳಿತು ನೀರಿನ ಮೇಲೆ ಕಣ್ಣಿಟ್ಟಿದ್ದೆ. ಕಪ್ಪು ಚುಕ್ಕೆಯೊಂದು ಕಾಣುತ್ತಿತ್ತು, ಅಲೆ ಎದ್ದಾಗ ಇಲ್ಲವಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಮಗಳಿಗೆ ಯಾವ ಮಾತಿನಿಂದ ಶುರುಮಾಡಿ ಹೇಳಬೇಕು ಎಂದು ಮನಸ್ಸು ಆಗಲೇ ಜೋಡಿಸತೊಡಗಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ. ಅವರು ಈಜುತ್ತಿದ್ದಾರೆ, ನಾನು ಇಲ್ಲಿ ಸಾವಿನ ಸುದ್ದಿಗೆ ಮಾತು ಹುಡುಕುತ್ತಿದ್ದೇನೆ. ಒಂದು ಸಲ ಚುಕ್ಕೆ ಇಲ್ಲವಾದದ್ದು ಮತ್ತೆ ಕಾಣಲೇ ಇಲ್ಲ. ಬಾವುಟವೂ ತೀರದ ಬಲತುದಿಯ ಕರಿಬಂಡೆಗಳ ಹಿಂದೆ ಮರೆಯಾಯಿತು.

"ಚಾ ತಡಾ ಆತು," ಎಂದರು ಅತ್ತೆ.

"ಹಾಲು ಇರಲಿಕ್ಕಿಲ್ರಿ," ಎಂದೆ.

ಆಮೇಲೆ ಬಂಡೆಗಳ ಆಚೆಯಿಂದ ಸೀಟಿ ಬಂತು, ಸಣ್ಣದಾಗಿ ಮೂರು ಸಲ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ನೋಡುತ್ತ ಕುಳಿತೆ. ಮೊದಲು ಕೋಲು ಕಂಡಿತು, ಆಮೇಲೆ ಖಾಕಿ ಅಂಗಿ, ಅದರ ಹಿಂದೆ ನನ್ನ ಗಂಡ. ಬಂಡೆಗೆ ತಾಗಿ ಎದೆ, ಮೊಣಕಾಲು ತರಚಿ ರಕ್ತ ಸೋರುತ್ತಿತ್ತು. ದಿಬ್ಬದ ದಾರಿ ಹತ್ತಿರವಿತ್ತು, ಆದರೆ ಅಲ್ಲಿ ಗೂಡುಗಳಿವೆ ಎಂದು ಅವಳು ಅವರನ್ನು ಕೆಳಗಿನ ಹಸಿ ಮರಳಿನಲ್ಲೇ ಸುತ್ತಿ ನಡೆಸಿಕೊಂಡು ಬರುತ್ತಿದ್ದಳು. ಅವರು ತಗ್ಗಿಸಿದ ತಲೆ ಎತ್ತದೆ ಅವಳು ಹೇಳಿದ ಕಡೆ ಹೆಜ್ಜೆ ಇಡುತ್ತಿದ್ದರು. ಹೊರಟಿದ್ದ ದೋಣಿ ಅರ್ಧ ದಾರಿಯಿಂದ ಹಿಂದಿರುಗಿತು.

ನಾನು ಏಳಲು ಹೋದೆ. ಅತ್ತೆ ನನ್ನ ಭುಜ ಹಿಡಿದು ತಡೆದರು.

"ಕುಂದ್ರು. ಬಂದಾನಲ್ಲ."

ಆ ದನಿ ಕೇಳಿ ನಾನು ಅವರ ಮುಖ ನೋಡಿದೆ. ಕಣ್ಣಲ್ಲಿ ನೀರು ನಿಂತಿತ್ತು, ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಚಿತ್ತು.

"ನೋಡಿದ್ರೇನ್ರಿ?"

"ಹೊಸಾ ಕಣ್ಣು ಅದಾವು ನನ್ನವು. ನಿನಗಿಂತ ಮೊದಲ ನೋಡೀನಿ," ಎಂದರು. "ನಾ ಅತ್ತಿದ್ರ ನೀ ಅಲ್ಲೇ ಬೀಳತಿದ್ದಿ. ನೀ ಚಾದ ಮಾತ ಹೇಳಿದಿ, ಹೇಳಲಿ ಅಂತ ಸುಮ್ನಿದ್ನಿ."

ಇಪ್ಪತ್ತು ನಿಮಿಷ ಅಷ್ಟೇ ಆಗಿತ್ತೆಂದು ವಾಚು ನೋಡಿದಾಗ ಗೊತ್ತಾಯಿತು. ಆ ಇಪ್ಪತ್ತು ನಿಮಿಷ ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಕಪ್ಪೆಚಿಪ್ಪು ನೋಡಿದ್ದೆವು.

ನನ್ನ ಗಂಡ ಬಂದು ತಾಯಿಯ ಎದುರು ಮರಳಿನ ಮೇಲೆ ಕುಳಿತರು. ಅತ್ತೆ ಬೈಯಲಿಲ್ಲ. ಸೆರಗಿನಿಂದ ಅವರ ತಲೆ ಒರೆಸಿದರು, ಐವತ್ತೆರಡು ವರ್ಷದ ಮಗನ ತಲೆಯನ್ನು. ಕಾವಲಿನವಳು ಮಾತ್ರ ಬೈದಳು. ಹೋದ ವರ್ಷ ಹೀಗೆಯೇ ಒಬ್ಬರು ಹೋದರು, ಅವರ ಹೆಂಡತಿ ಇದೇ ಮರದ ಕೆಳಗೆ ಕುಳಿತಿದ್ದಳು ಎಂದಳು. ಬೈಯುತ್ತಲೇ ಬಾವುಟವನ್ನು ಕೋಲಿಗೆ ಸುತ್ತತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಬಾಯಿಗೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ಇನ್ನೂ ಒಂದು ದಿನ ಉಳಿಯಬೇಕಾಗಿತ್ತು, ಉಳಿಯಲಿಲ್ಲ. ಗಾಯಕ್ಕೆ ಔಷಧ ಹಚ್ಚಿಸಿಕೊಂಡು ಮಧ್ಯಾಹ್ನವೇ ಹೊರಟೆವು. ಘಟ್ಟ ಅರ್ಧ ಹತ್ತಿದ ಮೇಲೆ ನನ್ನ ಗಂಡ ರಸ್ತೆಯ ಬದಿಗೆ ಕಾರು ನಿಲ್ಲಿಸಿದರು. ಎರಡೂ ಕೈ ಸ್ಟಿಯರಿಂಗಿನ ಮೇಲೆಯೇ ಇದ್ದವು, ಗದಗುಟ್ಟುತ್ತಿದ್ದವು.

"ಕೈ ಸಾಗವಲ್ದು," ಎಂದರು.

ಇಳಿದು ಒಂದು ಕಲ್ಲಿನ ಮೇಲೆ ಕುಳಿತೆವು. ಅತ್ತೆ ಕಾರಿನಲ್ಲೇ ಕಣ್ಣು ಮುಚ್ಚಿದ್ದರು. ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು. ನನ್ನ ಗಂಡ ತಾವಾಗಿಯೇ ಹೇಳಿದರು:

"ಕೈ ಸೋತಿದ್ವು. ದಂಡಿ ಸಣ್ಣದಾಗ್ಕೋತ ಹೊಂಟಿತ್ತು. ನೀ ಯಾವಾಕಿ, ಅವ್ವ ಯಾವಾಕಿ, ಗುರುತ ಹತ್ತಲಿಲ್ಲ. ಕೆಂಪಂದು ಏನೋ ಓಡತಿತ್ತು, ಅದರ ಕೂಡ ಹೋದ್ನಿ." ಕೈ ನೋಡಿಕೊಂಡು, "ಭಾಳ ಅಂಜಿದ್ನಿ," ಎಂದರು.

ಅವರ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಬೆಳಗಿನಿಂದ ನನಗೆ ಸಿಟ್ಟಿತ್ತು. ನಾ ಹೇಳಿರಲಿಲ್ಲೇನ್ರಿ ಎಂದು ಕೇಳಲು ಕಾದಿದ್ದೆ. ಕೇಳಲಾಗಲಿಲ್ಲ. ಬಾಟಲಿಯ ನೀರು ಕೊಟ್ಟೆ, ಕುಡಿದರು. ಕೈ ಹತೋಟಿಗೆ ಬರಲು ಒಂದು ಗಂಟೆ ಹಿಡಿಯಿತು. ಆಮೇಲೆ ಮೆಲ್ಲಗೆ ಹೊರಟು, ನಡುವೆ ಪಂಢರಪುರದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ತಂಗಿ, ಮರುದಿನ ಊರು ಸೇರಿದೆವು. ಅವರ ಗಾಯ ಕಂಡು ಕೇಳಿದವರಿಗೆಲ್ಲ ಬಂಡೆಗಲ್ಲಿನ ಮೇಲೆ ಕಾಲು ಜಾರಿತು ಎಂದು ಅತ್ತೆಯೇ ಹೇಳಿದರು. ನಾನು ಒಗೆಯಲು ಹಾಕಿದ ಬಟ್ಟೆಗಳಿಂದ ಎರಡು ನೀರು ಜಾಲಿಸಿದರೂ ಮರಳು ಬರುತ್ತಿತ್ತು. ಮಂಗಳವಾರ ಎಂದಿನಂತೆ ಶಾಲೆಗೆ ಹೋದೆ.