ಜಮಾದಾರರ ದನಿಗಾಗಿ ಎದ್ದು ನಿಂತ ಕುತುಬೋದ್ದೀನ ಮಾಸ್ತರರು

ಬೀದರ ಜಿಲ್ಲೆಯ ರಂಗಭೂಮಿಯಲ್ಲಿ ಪೊಲೀಸ್ ಪಾತ್ರವೆಂದರೆ ಕುತುಬೋದ್ದೀನ ಮಾಸ್ತರರು. ಉಳಿದವರೆಲ್ಲ ಬರಿಯ ಖಾಕಿ ಬಟ್ಟೆ. ಅವರು ವೇಷ ತೊಟ್ಟು ಔರಾದದ ಬಸ್ ನಿಲ್ದಾಣದಲ್ಲಿ ನಿಂತರೆ ನಿಜವಾದ ಪೊಲೀಸರೇ ಸೆಲ್ಯೂಟ್ ಹೊಡೆಯುತ್ತಿದ್ದರು, ಕಳ್ಳರು ಮಹಾರಾಷ್ಟ್ರದ ಗಡಿ ದಾಟುತ್ತಿದ್ದರು. ಔರಾದದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಇದೀಗ ನಿವೃತ್ತರಾಗುತ್ತಿರುವ ಈ ಹಿರಿಯರು, ತರಗತಿಯಲ್ಲಿ ಬಾಯಿ ಬಿಡದ ತಹಮೀನಾ ಎಂಬ ವಿದ್ಯಾರ್ಥಿನಿಗೆ ಶಾಲೆಯ ನಾಟಕದಲ್ಲಿ ಫೌಜದಾರನ ಪಾತ್ರ ಕೊಟ್ಟು, ತಾವೇ ಕಳ್ಳನಾಗಿ ಅವಳೆದುರು ಕೈಕಟ್ಟಿ ನಿಂತವರು. ಇಂದು ಆಕೆ ಭಾಲ್ಕಿಯಲ್ಲಿ ವಕೀಲೆ; ವಾದಕ್ಕೆ ನಿಂತರೆ ಬೀದರ ಕೋಟೆಯ ಕಲ್ಲೇ ಅಲುಗುತ್ತದೆ.

ಇಂಥವರಿಗೆ, ಸಾಯಗಾಂವದ ನಿವೃತ್ತ ಪೊಲೀಸ್ ಜಮಾದಾರ ಕಾಶೀರಾಮರ ಜೀವನವನ್ನು ಆಧರಿಸಿದ ಚಲನಚಿತ್ರದಲ್ಲಿ ನಾಯಕನ ಪಾತ್ರ ಒದಗಿತು. ಹಿಡಿದು ತಂದ ಕಳ್ಳನ ಮೈ ಮುಟ್ಟದೆ, ಅವನ ಪಕ್ಕದಲ್ಲೇ ನೆಲಕ್ಕೆ ಕುಳಿತು, ಮೊದಲು ಊಟವಾಯಿತೇ ಎಂದು ಕೇಳುವುದು ಕಾಶೀರಾಮರ ಪದ್ಧತಿ. ಮಾಸ್ತರರು ರಜೆಯೆಲ್ಲ ಅವರ ಮನೆಯಲ್ಲೇ ಕಳೆದು ಆ ದನಿಯನ್ನು ಕಲಿತರು.

“ನಾ ಹ್ಯಾಂಗ ಇದ್ದೆ ಹಂಗ ತೋರಸ್ರಿ ಮಾಸ್ತರ. ಕಾಶೀರಾಮ ಮಂದೀನ ಬಡೀತಿದ್ದ ಅಂತ ನನ್ನ ಮೊಮ್ಮಕ್ಳು ತಿಳೀಬಾರ್ದ್ರಿ,” ಎಂದಿದ್ದರು ಜಮಾದಾರರು. ಮಾಸ್ತರರು ಮಾತು ಕೊಟ್ಟಿದ್ದರು.

ಆದರೆ ಆ ಸಿನಿಮಾದ ಮಹಾಶಯರು ಮಾಡಿದ್ದೇನು? ಬೀದರಿನ ಮಾತು ಯಾರಿಗೂ ತಿಳಿಯದು, ಪೊಲೀಸಿನವನು ಗುಡುಗದಿದ್ದರೆ ನಡೆಯದು ಎಂದುಕೊಂಡು, ಮಾಸ್ತರರಿಗೆ ಸುಳಿವೂ ಕೊಡದೆ, ಯಾರದೋ ಬಾಡಿಗೆ ಗಂಟಲನ್ನು ಅವರ ತುಟಿಗೆ ಅಂಟಿಸಿದರು!

ಬೀದರಿನ ಚಿತ್ರಮಂದಿರದಲ್ಲಿ ಮ್ಯಾಟಿನಿ; ಮಾಸ್ತರರ ಪಕ್ಕದಲ್ಲೇ ಕಾಶೀರಾಮ ದಂಪತಿ. ತೆರೆಯ ಮೇಲೆ ಮಾಸ್ತರರು ಕಳ್ಳನ ಪಕ್ಕ ಮೆಲ್ಲನೆ ಕುಳಿತರು. ದನಿ ಗುಡುಗಿತು: “ಬಾಯಿ ಬಿಡ್ತೀಯಾ, ಮೂಳೆ ಮುರೀಲಾ?”

ಕಾಶೀರಾಮರು ತಲೆ ತಗ್ಗಿಸಿದರು. ಅವರ ಪತ್ನಿ ಸುಭದ್ರಾಬಾಯಿ ಮಾಸ್ತರರತ್ತ ತಿರುಗಿ ಸಿಡಿದರು: “ನಮ್ಮ ಮನ್ಯಾಗ ಉಂಡು ಇದನ್ನ ಕಲತ್ರೇನ್ರಿ?”

ಮಾಸ್ತರರ ಸಿಟ್ಟಿನ ಕಾವಿಗೆ, ವರ್ಷಗಳಿಂದ ಕೆಟ್ಟು ನಿಂತಿದ್ದ ಪಂಖಾಗಳೂ ತಿರುಗಿದವು. ನೇರ ತೆರೆಯೆದುರು ಹೋಗಿ ನಿಂತರು.

“ಆವಾಜ್ ಬಂದ್ ಮಾಡೋ ಇಮ್ರಾನ! ಈ ದನಿ ನಂದಲ್ಲ!”

“ಕೂಡ್ರಿ ಸರ, ರೊಕ್ಕ ಕೊಟ್ಟು ಬಂದೀವಿ!” ಎಂದು ಯಾರೋ ಕೂಗಿದರು.

“ರೊಕ್ಕ ಕೊಟ್ಟು ಸುಳ್ಳು ಕೇಳ್ತೀರೇನು?”

ಯಂತ್ರ ನಡೆಸುವ ಇಮ್ರಾನ ಅವರ ಹಳೆಯ ಶಿಷ್ಯ, ದನಿ ಅಡಗಿಸಿದ. ತೆರೆಯ ಮೇಲಿನ ತಮ್ಮದೇ ತುಟಿಗೆ ಸರಿಯಾಗಿ ಮಾಸ್ತರರು ನುಡಿದರು: “ಉಂಡಿಯೇನಪಾ? ಮೊದ್ಲ ಉಣ್ಣು. ಆಮ್ಯಾಲ ಹೇಳಂತಿ.”

ಜಮಾದಾರರ ತಲೆ ಮೇಲೆದ್ದಿತು. “ಹಾಂ, ಇವ್ರ ನೋಡ್ರಿ ನಮ್ಮ ಮನಿಯವ್ರು,” ಎಂದರು ಸುಭದ್ರಾಬಾಯಿ. ಚಿತ್ರ ಮುಗಿಯುವವರೆಗೂ ಮಾಸ್ತರರು ಕೂಡಲಿಲ್ಲ; ಜಮಾದಾರರ ಮಾತನ್ನೆಲ್ಲ ತಾವೇ ನುಡಿದರು.

ಆ ಮಹಾಶಯರು ಇಂದಿಗೂ ಕ್ಷಮೆ ಕೇಳಿಲ್ಲ. ಆದ್ದರಿಂದ ಮಾಸ್ತರರಿಗೆ ವಿಶ್ರಾಂತಿಯನ್ನು ನಾವು ಹಾರೈಸುವುದಿಲ್ಲ. ನೂರಾರು ವರ್ಷ ಗಟ್ಟಿ ಗಂಟಲಿನಿಂದ ಬಾಳಲಿ. ಆ ಚಿತ್ರ ಓಡುವ ಊರೂರಿನಲ್ಲೂ ತೆರೆಯೆದುರು ಎದ್ದು ನಿಲ್ಲಲಿ. ಭಾಲ್ಕಿಯ ಆಟಕ್ಕೆ ಅವರನ್ನು ಕರೆದೊಯ್ಯುವ ಟೆಂಪೊ ಆಗಲೇ ಬಾಗಿಲಲ್ಲಿದೆ.